ಕಲಂ ಎಂಬತ್ತರ ನೋಟೀಸು

ದಾವಣಗೆರೆ ಕೋರ್ಟಿನ ಕಾಂಪೌಂಡಿಗೆ ಒರಗಿದ
ಹೊಂಗೆಮರದಡಿ ನನ್ನ ಟೈಪ್‌ರೈಟರು.
ಪುಟಕ್ಕೆ ಮೂವತ್ತು, ಕಾರ್ಬನ್ ಪ್ರತಿಗೆ ಐದು,
ಅತ್ತರೆ ಬೇರೆ ಚಾರ್ಜಿಲ್ಲ.

ಚಮನ್‌ಸಾಬ್ ಬಂದದ್ದು ಬುಧವಾರ.
ಮಂಡಕ್ಕಿ ಭಟ್ಟಿಯವನು, ಹುಬ್ಬಿನ ಮೇಲೆ ಹೊಟ್ಟಿನ ಬೂದಿ.
ಸ್ಟೂಲು ತೋರಿಸಿದರೆ ಅದನ್ನೆಳೆದು
ನನ್ನ ಎಡಕ್ಕೆ ಹಾಕಿಕೊಂಡು ಕೂತ,
ಬಲಗಿವಿ ನನ್ನ ಕಡೆಗಾಗುವಂತೆ.

ಎಡಗಿವಿಯ ಕತೆ ಮೂರನೇ ಪ್ಯಾರಾದಲ್ಲಿದೆ.
ಯಾರದೋ ಬೈಕು ಕಳುವಾಗಿ ಇವನನ್ನು ರಾತ್ರಿ ಕರೆದೊಯ್ದರು.
ಬೆಳಿಗ್ಗೆ ಬೈಕು ಯಜಮಾನನ ಭಾವನ ಮನೆ ಮುಂದೆ ಸಿಕ್ಕಿತು.
ನಡುವೆ ಒಂದು ಏಟು.
ಒಂದೇ. ಅಂಗೈ ಬಿಚ್ಚಿದ್ದು.
ಕಿವಿಯ ತಮಟೆ ಹರಿದಿದೆ, ಎಂದಿದೆ ಸರ್ಟಿಫಿಕೇಟು.

"ಮಂಡಕ್ಕೀನ ಕಣ್ಣಾಗೆ ಹುರಿಯಂಗಿಲ್ಲ ಸಾರ್, ಕಿವ್ಯಾಗೆ ಹುರೀಬೇಕು.
ಕಾದ ಮರಳಾಗೆ ಅಕ್ಕಿ ಮೊದಲು ಚಿಟಚಿಟ ಅಂತೈತೆ,
ಆಮೇಲೆ ಒಮ್ಮೆಗೇ ಸುರಿಮಳೆ.
ಮಳೆ ಸಣ್ಣಗಾಗೋ ಹೊತ್ತಿಗೆ ಜರಡಿಗೆ ಎಳೀಬೇಕು.
ಈಗ ಅರ್ಧ ಮಳೆ ಕೇಳಲ್ಲ.
ದಿನಾ ಒಂದು ಮೂಟೆ ಕರಕಲು. ಕೂಲ್ಯಾಗೆ ಹಿಡೀತಾರೆ."

ಇದನ್ನು ನಾನು ಹೀಗೆ ಬಡಿದೆ:
'ಅರ್ಜಿದಾರನ ಜೀವನೋಪಾಯಕ್ಕೆ ಧಕ್ಕೆಯಾಗಿರುತ್ತದೆ.'

ವಕೀಲರು ಹೇಳಿದ್ದನ್ನು ಅವನ ಬಲಗಿವಿಗೆ ದಾಟಿಸಿದೆ.
ಸರ್ಕಾರದ ಮೇಲೆ ದಾವೆ ಹೂಡುವ ಮುಂಚೆ
ಸರ್ಕಾರಕ್ಕೇ ತಿಳಿಸಿ ಎರಡು ತಿಂಗಳು ಕಾಯಬೇಕು.
ಹೊಡೆದವರ ಮೇಲೆ ಕೇಸು ನಡೆಯಲು
ಹೊಡೆದವರ ಮೇಲಿನವರ ಅನುಮತಿ ಬೇಕು,
ಏಟು ಕರ್ತವ್ಯದ ಒಳಗೆ ಬಿದ್ದಿದ್ದರೆ.
ಹೊರಗೆ ಬಿದ್ದಿದ್ದರೆ ಬೇಡ.
ಒಳಗೋ ಹೊರಗೋ ಅನ್ನುವುದಕ್ಕೇ ವರ್ಷಗಟ್ಟಲೆ ವಾದ.
ಪರಿಹಾರ ಕೇಳಲು ವಾಯಿದೆ ಒಂದೇ ವರ್ಷ;
ಬೆಳ್ಳುಳ್ಳಿ ಎಣ್ಣೆ ಬಿಟ್ಟುಕೊಳ್ಳುತ್ತ
ಹತ್ತು ತಿಂಗಳು ನೀನೇ ಕಳೆದಿದ್ದೀ.

"ಏಟು ಒಳಗೋ ಹೊರಗೋ, ಇರ್ಲಿ ಸಾರ್.
ನಾನೆಲ್ಲಿದ್ದೆ?"

ಹಾಳೆ ಬದಲಿಸಿದೆ.

ಮೂವತ್ತೊಂದು ವರ್ಷ ಬಡಿದವನಿಗೆ
ಬರಲಿರುವ ಉತ್ತರವೂ ಬಾಯಿಪಾಠ:
'ಪರಿಶೀಲಿಸಲಾಗಿ, ಅನುಮತಿ ನೀಡಲು ಅವಕಾಶವಿರುವುದಿಲ್ಲ.'
ಅವನಿಗೆ ಹೇಳಲಿಲ್ಲ.
ಎಡಗಿವಿ ನನ್ನ ಕಡೆಗಿದ್ದಿದ್ದರೆ
ಹೇಳುತ್ತಿದ್ದೆನೇನೋ.

ಕೊನೆಯ ಪುಟ ಮುಗಿಯುವ ಹೊತ್ತಿಗೆ
ಅವನು ಕತ್ತು ವಾಲಿಸಿ, ಭಟ್ಟಿಯ ಮುಂದೆ ಕೂತವನ ಹಾಗೆ,
"ಸಾರ್, ನಿಮ್ಮ ಮೆಷಿನ್ನಾಗೆ ಒಂದಕ್ಷರ ಅರಳವಲ್ದು.
ಟಪ್ ಅನ್ನಲ್ಲ ಅದು. ಪುಸ್ ಅಂತೈತೆ."

ಹಾಳೆಯನ್ನು ಬಿಸಿಲಿಗೆ ಹಿಡಿದೆ.
ಹೌದು. 'ಸ' ಮೂಡಿಲ್ಲ.
ಮೂರು ಪುಟದ ತುಂಬ
ರ್ಕಾರ, ರ್ಕಾರ, ರ್ಕಾರ.

ಪೆನ್ನು ತೆಗೆದು ಒಂದೊಂದನ್ನೇ ತುಂಬತೊಡಗಿದೆ.
ಅವನು ಎಣಿಸುತ್ತಿದ್ದ.