ಹತ್ತಲು ಇಪ್ಪತ್ತು ತೆತ್ರಿ

ಶನಿವಾರ ಹನ್ನೊಂದಕ್ಕೆ ಸರಿಯಾಗಿ ಬರುತ್ತಾರೆ.
ಮುಂದೆ ತೆಕ್ಲೆ, ಹಳದಿ ಕೊಡೆ ಎತ್ತಿ ಹಿಡಿದು;
ಹಿಂದೆ ಒಂಬತ್ತೋ ಹತ್ತೋ ಜನ, ಕತ್ತು ಹಿಂದಕ್ಕೆ ಚೆಲ್ಲಿ,
ನಮ್ಮ ಒಗೆದ ಬಟ್ಟೆಯ ಹಗ್ಗಗಳಾಚೆ
ಏನೋ ದೊಡ್ಡದನ್ನು ನೋಡುತ್ತ.

ಲಿಫ್ಟಿನ ಬಾಗಿಲಲ್ಲಿ ನನ್ನ ಮುಕ್ಕಾಲಿ.
ಕಾಸು ನುಂಗದೆ ಈ ಲಿಫ್ಟು ಕದಲುವುದಿಲ್ಲ,
ಬಂದವರ ಹತ್ತಿರ ಚಿಲ್ಲರೆ ಇರುವುದಿಲ್ಲ.
ನೋಟು ಕೊಡಿ, ನಾಣ್ಯ ಎಣಿಸಿಕೊಳ್ಳಿ.
ಹತ್ತಲು ಇಪ್ಪತ್ತು ತೆತ್ರಿ, ಇಳಿಯಲು ಬಿಟ್ಟಿ:
ಇಷ್ಟು ಇಂಗ್ಲಿಷು ನನಗೂ ಬರುತ್ತದೆ.

ತೆಕ್ಲೆ ಒಳ್ಳೆಯ ಹುಡುಗಿ, ಓದಿಕೊಂಡಿದ್ದಾಳೆ.
"ತ್ಬಿಲಿಸಿಯ ಈ ಇಳಿಜಾರಿಗೆ ಮೂರು ಗೋಪುರ,
ಒಂದರಿಂದ ಒಂದಕ್ಕೆ ಗಾಳಿಯಲ್ಲೇ ಸೇತುವೆ,
ಸಮಾನತೆಯ ಕನಸು, ಕಾಂಕ್ರೀಟಿನ ಒರಟು ಕಾವ್ಯ."
ನಾವು ಇದನ್ನು ಹದಿನೇಳನೇ ನಂಬರಿನ ಕಾಮಗಾರಿ ಎನ್ನುತ್ತಿದ್ದೆವು.
ನಕ್ಷೆ ಬರೆದವನ ಹೆಸರು ಹೇಳುತ್ತಾಳೆ, ಸತ್ತ ಇಸವಿಯನ್ನೂ.
ಗೋಡೆ ಎತ್ತಿದವರು ಯಾರೆಂದು ಯಾರೂ ಕೇಳುವುದಿಲ್ಲ,
ಅದೇನು ತಾನೇ ಎದ್ದು ನಡೆದು ಬಂದಿತೇ?

ಎತ್ತಿದ್ದು ನಾನು, ಜುಜುನಾ.
ಇಪ್ಪತ್ತಾರರ ಹೆಂಗಸು, ಕ್ರೇನಿನ ಗಾಜಿನ ಗೂಡಿನಲ್ಲಿ,
ಕಾಲಡಿ ಊರು, ಊರ ನಡುವೆ ಕಂದು ನದಿ,
ಒಂದು ಕೈಯಲ್ಲಿ ಸನ್ನೆ, ಇನ್ನೊಂದರಲ್ಲಿ ಉಪ್ಪು ಸವರಿದ ಸೌತೆಕಾಯಿ.
ಕಿಟಕಿಯ ತೂತಿದ್ದ ಗೋಡೆ ತೊಟ್ಟಿಲಿನ ಹಾಗೆ ತೂಗುತ್ತಿತ್ತು.
ಕೆಳಗೆ ಶಾಲ್ವಾ ಕೈ ಬೀಸುತ್ತಿದ್ದ:
ಎಡಕ್ಕೆ, ಇನ್ನಷ್ಟು, ಸಾಕು.
ಆ "ಸಾಕು"ವನ್ನೇ ಮದುವೆಯಾದೆ.

ಡಿಸೆಂಬರ್ ಕೊನೆ. ವರ್ಷದ ಯೋಜನೆ ಮುಗಿಯಲೇಬೇಕು.
ಸಿಮೆಂಟು ಮುಗಿದಿತ್ತು; ಎಲ್ಲೋ ಯಾರದೋ ಬೇಸಿಗೆಮನೆ ಎದ್ದಿತ್ತು.
ಹದಿನಾಲ್ಕನೇ ಮಹಡಿಯಲ್ಲಿ, ಎರಡು ಗೋಡೆ ಕೂಡುವ ಸಂದಿಗೆ
ಗೋಣಿ ತುರುಕಿದೆವು, ಹಳೆ ಕೋಟಿನ ತೋಳು ತುರುಕಿದೆವು,
ಕೊನೆಗೆ ಅಂದಿನ ಪತ್ರಿಕೆ.
ಮೇಲೊಂದು ತೆಳು ಗಾರೆ, ಸುಣ್ಣ.
ಸಮಿತಿ ಬಂತು, ಬೆರಳ ಗೆಣ್ಣಿನಿಂದ ತಟ್ಟಿ ನೋಡಿತು,
ಕಾನ್ಯಾಕ್ ಕುಡಿಯಿತು, ಸಹಿ ಹಾಕಿತು.

ಮನೆ ಹಂಚುವಾಗ ಚೀಟಿ ಎತ್ತಿದೆವು.
ತೊಂಬತ್ತೆರಡು ಮನೆಗಳಲ್ಲಿ ನಮ್ಮ ಪಾಲಿಗೆ ಬಂದದ್ದು ಅದೇ.
ಶಾಲ್ವಾ ಮೆಟ್ಟಿಲ ಮೇಲೆ ಕೂತು
ಕೆಮ್ಮು ಬರುವವರೆಗೆ ನಕ್ಕ.

ಆಮೇಲೆ ಕರೆಂಟಿಲ್ಲದ ವರ್ಷಗಳು. ತೆಕ್ಲೆ ಅದಕ್ಕೆ ಎರಡು ವಾಕ್ಯ ಇಟ್ಟಿದ್ದಾಳೆ.
ನೆಲದ ಹಲಗೆ ಕಿತ್ತು ಒಲೆಗಿಟ್ಟದ್ದು ಒಂದರಲ್ಲಿ,
ಬಕೆಟ್ಟಿನ ನೀರು ಹದಿನಾಲ್ಕು ಮಹಡಿ ಏರಿದ್ದು ಇನ್ನೊಂದರಲ್ಲಿ.
ಸಂದಿಯ ಗಾಳಿ ನಮ್ಮ ಮೇಣದಬತ್ತಿ ಆರಿಸುತ್ತಿದ್ದುದು
ಅವಳಿಗೆ ಗೊತ್ತಿಲ್ಲ.
ಜನವರಿಯಲ್ಲಿ ಶಾಲ್ವಾ ಹೋದ.
ಸತ್ತ ಲಿಫ್ಟಿಗೆ ಯಾವ ನಾಣ್ಯ ಹಾಕಲಿ?
ಪೆಟ್ಟಿಗೆ ಹೊತ್ತ ಆರು ಜನ, ಕತ್ತಲ ಮೆಟ್ಟಿಲು,
ಪ್ರತಿ ತಿರುವಿನಲ್ಲೂ ಓರೆ ಮಾಡಿ, ನಿಂತು, ಮತ್ತೆ ಓರೆ ಮಾಡಿ.
"ಎಡಕ್ಕೆ, ಇನ್ನಷ್ಟು" ಎನ್ನುತ್ತ ಹಿಂದೆ ಇಳಿದವಳು ನಾನು.
"ಸಾಕು" ಎನ್ನಲು ಬಾಯಿ ಬರಲಿಲ್ಲ.

ಕಳೆದ ಶನಿವಾರ ಗುಂಪಿನಲ್ಲೊಬ್ಬಳು, ಮಂಡಿನೋವಿನವಳು,
ಸೇತುವೆ ದಾಟಲಾರೆ ಎಂದಳು. ನಮ್ಮನೆಯಲ್ಲಿ ಕೂರಿಸಿದೆ.
ಹಸಿ ಅಕ್ರೋಟಿನ ಮೊರಬ್ಬ, ಚಹ.
ಅಡಿಗೆಮನೆ ಗೋಡೆಗೆ ಅಂಗೈ ಇಟ್ಟು ಏನೋ ಕೇಳಿದಳು.
ತೆಕ್ಲೆ ವಿವರಿಸಿದಳು: ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗಲೆಂದು
ಬೇಕೆಂದೇ ಬಿಟ್ಟ ಸಂದು, ಆ ಕಾಲದ ಜಾಣ್ಮೆ.
ನನ್ನತ್ತ ತಿರುಗಿ, "ಹೌದಲ್ಲವಾ ಅಜ್ಜಿ?"
ಹೌದು ಎಂದೆ.

ಅವಳು ಮಾತ್ರ ಕೈ ತೆಗೆಯಲಿಲ್ಲ.
ಗೋಡೆಯೊಳಗೆ ಏನೋ ಸರಸರ ಎನ್ನುತ್ತಿದೆ ಎಂದಳಂತೆ.
ಇಲಿಯಿರಬೇಕು, ಅಂದೆ.
ಇಲಿಯಲ್ಲ. ಆ ದಿನದ ಮೊದಲ ಪುಟ
ಒಳಗೆ ಇನ್ನೂ ಮಗುಚಿಕೊಳ್ಳುತ್ತಿದೆ:
ಯೋಜನೆ ಸಂಪೂರ್ಣ, ಅವಧಿಗೆ ಮೊದಲೇ.

ಹೊರಡುವಾಗ ಅವಳು ಪರ್ಸಿನಲ್ಲಿ ಕಾಸು ತಡಕಿದಳು.
ಬೇಡ ಎಂದು ಕೈಯಾಡಿಸಿದೆ.
ನಾಳೆ ಬ್ಯಾಂಕಿಗೆ ಹೋಗಿ ಚಿಲ್ಲರೆ ತರಬೇಕು.
ಕೌಂಟರಿನವಳು ಗೊಣಗುತ್ತಾಳೆ.