ಎಡಗೆನ್ನೆಯ ಗಿರಾಕಿಗಳು

ಈ ಊರಿನ ಅರ್ಧ ಮುಖ ನನಗೆ ಗೊತ್ತು.
ಎಡದ ಅರ್ಧ.
ಎಡಗಿವಿಯ ಓಲೆ, ಎಡಗೆನ್ನೆಯ ಮಚ್ಚೆ,
ಕಾರಿನಿಂದ ಚಾಚುವ ಎಡಗೈಯ ಗಡಿಯಾರ.
ಬಲಗಡೆ ಏನಿದೆಯೋ, ಪಕ್ಕದ ಸೀಟಿಗೇ ಗೊತ್ತು.

ಬ್ಯೂಟ್, ಮೊಂಟಾನ. ಬೆಳಗಿನ ಐದು.
ಟೈರಿನಂಗಡಿಯ ಪಾರ್ಕಿಂಗಿನಲ್ಲಿ ನನ್ನ ಗೂಡು:
ಎಂಟಡಿ ಉದ್ದ, ಆರಡಿ ಅಗಲ,
ಒಂದು ಕಿಟಕಿ, ಒಂದು ಯಂತ್ರ, ಕಾಲ ಬಳಿ ಹೀಟರು.
ಗೋಡೆಗೆ ಮಾಲೀಕ ಅಂಟಿಸಿದ ಚೀಟಿ:
ಕಾರಿಗೆ ನಲವತ್ತೈದು ಸೆಕೆಂಡು.
ಅಷ್ಟರಲ್ಲಿ ಹಾಲು ಕಾಯಬೇಕು, ಚಿಲ್ಲರೆ ಎಣಿಸಬೇಕು,
ಮಗಳ ಜ್ವರ ಇಳಿಯಿತೇ ಎಂದೂ ಕೇಳಬೇಕು.
ಕೇಳುತ್ತೇನೆ. ಉತ್ತರದ ಅರ್ಧವನ್ನು
ಮೇಲೇರುವ ಗಾಜು ಕತ್ತರಿಸುತ್ತದೆ.
ಉಳಿದರ್ಧ ನಾಳೆ ಬರುತ್ತದೆ, ಕೆಲವೊಮ್ಮೆ.

ರಸ್ತೆಯಾಚೆಯ ಮನೆಯವನೊಬ್ಬನಿದ್ದಾನೆ.
ಕಾರಿನ ಮೇಲಿನ ಹಿಮ ಕೆರೆದು, ಎಂಜಿನ್ ಬಿಸಿ ಮಾಡಿ,
ಅರವತ್ತು ಹೆಜ್ಜೆಯ ದೂರ ಓಡಿಸಿಕೊಂಡು ಬಂದು
ಸಾಲಿನಲ್ಲಿ ಹದಿನಾಲ್ಕು ನಿಮಿಷ ಕಾಯುತ್ತಾನೆ,
ಹೊತ್ತಾಯಿತೆಂದು.

ನಗಬಹುದು. ಆದರೆ ನರ್ಸ್ ಡೆಲ್ಫೀನ್ ಬರುತ್ತಾಳೆ,
ರಾತ್ರಿಪಾಳಿ ಮುಗಿಸಿ, ತಾಯಿಯ ಮನೆಯಿಂದ ಎತ್ತಿ ತಂದ
ಅವಳಿ ಕೂಸುಗಳು ಹಿಂದೆ ನಿದ್ದೆಯಲ್ಲಿ.
ಅವನ್ನು ಎಬ್ಬಿಸಿ, ಟೋಪಿ ತೊಡಿಸಿ, ಬೆಲ್ಟ್ ಬಿಚ್ಚಿ,
ಹಿಮ ತುಳಿಸಿ, ಒಳಗೆ ಬಂದು ಕಾಫಿ ಕುಡಿ
ಎನ್ನುವ ಬಾಯಿ ಯಾರದು?
ಇಪ್ಪತ್ತನಾಲ್ಕು ಗಂಟೆಯಲ್ಲಿ
ಯಾರೋ ಅವಳ ಕೈಗೆ ಕೊಡುವ ಒಂದೇ ವಸ್ತು, ಈ ಲೋಟ.

ಆರ್ವೋ ಕೊಸ್ಕಿಯ ಎಡಗೈಗೆ ಎರಡು ಬೆರಳಿಲ್ಲ.
ಹನ್ನೊಂದು ವರ್ಷ: ನೀಲಿ ಪಿಕಪ್, ಕರಿಕಾಫಿ, ಮುಚ್ಚಳ ಬೇಡ.
“ತೂತಿನಲ್ಲಿ ಚೀಪೋಕೆ ನಾನೇನು ಕರುವೇ?”
ನವೆಂಬರಿನಲ್ಲಿ ಪಿಕಪ್ ಬರುವುದು ನಿಂತಿತು.

ಡಿಸೆಂಬರಿನ ಒಂದು ಮಂಗಳವಾರ
ಕಿಟಕಿಯಾಚೆ ಯಾರೋ ಕೆಮ್ಮಿದರು.
ಗಂಟೆ ಬಾರಿಸಿರಲಿಲ್ಲ.
ಡಾಂಬರಿನಡಿ ತಂತಿಯ ಸುರುಳಿ ಹೂತಿದ್ದಾರೆ,
ಮೇಲೆ ವಾಹನ ನಿಂತರೆ ಒಳಗೆ ಟಿಣ್ ಎನ್ನುತ್ತದೆ.
ಮನುಷ್ಯ ನಿಂತರೆ ಏನೂ ಎನ್ನುವುದಿಲ್ಲ.

ಇಷ್ಟು ಗಿಡ್ಡನೆಂದು ಗೊತ್ತಿರಲಿಲ್ಲ,
ಸೀಟು ಅವನನ್ನು ಎತ್ತರ ಮಾಡಿತ್ತು.
ಮೊದಲ ಸಲ ಬಲಗೆನ್ನೆ ಕಂಡೆ:
ಕಿವಿಯಿಂದ ಗದ್ದದವರೆಗೆ ಒಂದು ನೀಲಿ ಗೀರು,
ಗಣಿಯ ಧೂಳು ಒಳಗೇ ಉಳಿದು ಮಾಗಿದ ಗಾಯ.
“ಕಣ್ಣು ಮಂಜಾಯ್ತು. ಲೈಸೆನ್ಸ್ ಕಿತ್ಕೊಂಡ್ರು.
ಅರ್ಧ ಗಂಟೆ ನಡೆದೆ.”
ಎರಡು ಕಾರಿನ ನಡುವೆ, ತಾನೂ ಒಂದು ಕಾರೆಂಬಂತೆ,
ಸರದಿ ತಪ್ಪದೆ ಬಂದಿದ್ದ.

ಚೀಟಿಯ ಎರಡನೆಯ ಸಾಲು:
ನಡೆದು ಬಂದವರಿಗೆ ಮಾರಕೂಡದು. ವಿಮೆಯ ನಿಯಮ.

“ಗಂಟೆಗೇನಾಯ್ತು?” ಕೇಳಿದ.
ಸುರುಳಿಯ ವಿಷಯ ಹೇಳಿದೆ. ಬೂಟಿನಿಂದ ನೆಲ ಕೆರೆದು ನೋಡಿದ.
“ಯಾವ ತಂತಿ?”
“ತಾಮ್ರ ಇರಬೇಕು.”
ಈ ಗುಡ್ಡದ ಹೊಟ್ಟೆಯಲ್ಲಿ ಮೂವತ್ತೊಂದು ವರ್ಷ
ತಾಮ್ರ ಅಗೆದವನು ನಕ್ಕ. ಬಲಗಡೆ ಒಂದು ಹಲ್ಲೂ ಇರಲಿಲ್ಲ.
“ಎರಡು ಬೆರಳು ತಿಂದಿದೆ,
ಗುರುತು ಹಿಡೀಲಿಲ್ಲ ನೋಡು.”

ಕೊಟ್ಟೆ. ಮುಚ್ಚಳವಿಲ್ಲದೆ.
ಹಿಂದೆ ಒಂದು ಹಾರ್ನು. ಇನ್ನೊಂದು.
ಅವನು ಹೊರಡಲಿಲ್ಲ, ಹೊರಡಲು ಗೇರು ಇರಲಿಲ್ಲ.
ಅಲ್ಲೇ ನಿಂತು ಊದಿ ಊದಿ
ತಳದ ಗಸಿಯವರೆಗೆ ಕುಡಿದ.
ಗೋಡೆಯ ಟೈಮರು ಸೊನ್ನೆಯಲ್ಲೇ ಇತ್ತು.
ಅದರ ಲೆಕ್ಕಕ್ಕೆ ಯಾರೂ ಬಂದಿರಲಿಲ್ಲ.

ಆಮೇಲೆ ಟಿಣ್.
ಡೆಲ್ಫೀನಳ ಗಾಜು ಇಳಿಯಿತು. ಹಿಂದಿನ ಸೀಟಿನಿಂದ
ಆಗಷ್ಟೇ ಎಚ್ಚರವಾದ ದನಿ:
“ಆ ಅಜ್ಜನ ಕಾರೆಲ್ಲಿ?”

ಹಾಲು ಕಾಯಲಿಟ್ಟು
ಕಿಟಕಿಯಿಂದ ಸೊಂಟದವರೆಗೆ ಹೊರಗೆ ಬಗ್ಗಿ
ಅವಳ ಬಲಗೆನ್ನೆ ನೋಡಲು ಹೋದೆ.
ಇನ್ನೂ ಕತ್ತಲಿತ್ತು.