ಪದ ಮರ್ದನ

ಬಿಲ್ಲಿನ ಬಾಕಿ ಎರಡು ಸಾವಿರದ ನಾನೂರು.
ರೊಕ್ಕ ಈ ತಿಂಗಳೂ ಆಗೂದಿಲ್ಲ ದಾನಪ್ಪ ಕಾಕಾ,
ಅದರ ಬದ್ಲಿ ಇದರಾಗ ಒಂದು ಆರಿಸ್ಕೋರಿ ಅಂತ
ನಾನೇ ಅಚ್ಚು ಹಾಕಿಕೊಟ್ಟ ಕಾರ್ಡು ನನ್ನ ಕೈಗೇ ಕೊಟ್ಲು
ಮುಳಗುಂದ ನಾಕಾದ ಹತ್ತರ, ಮಾಳಿಗಿ ಮ್ಯಾಲಿನ ಸ್ಪಾದಾಗ,
ರೇವತಿ ಕವಳಿಕಾಯಿ.

ಕೆಳಗ ಬೀಜ-ಗೊಬ್ಬರದ ಅಂಗಡಿ, ಮ್ಯಾಲ ನಿಂಬಿಹುಲ್ಲಿನ ವಾಸನಿ.
ಗೋಡ್ಯಾಗಿಂದ ನೀರು ಬಿದ್ದಂಗ ಸಪ್ಪಳ, ನೀರಿಲ್ಲ.
ನಮ್ಮ ಓಣಿ ನಳಾನೂ ಹಂಗ, ಬರೇ ಸಪ್ಪಳ.

ಈ ಹೆಸರೆಲ್ಲಾ ನನಗ ಗೊತ್ತು, ಏನಂತ ಗೊತ್ತಿಲ್ಲ.
ಅಭ್ಯಂಗ: ಭ ಕ್ಕ ಯ ಒತ್ತು, ಎರಡು ಸಲ ನೋಡಿದ್ದೆ.
ಶಿರೋಧಾರಾ: ಧ ದ ಹೊಟ್ಟಿ ಸೀಳಿರಬೇಕು, ಸೀಳೇತಿ.
ಸ್ವೀಡಿಷ್: ಕಡೀಕ ಶ ಹಾಕೂದೋ ಷ ಹಾಕೂದೋ ಅಂತ
ಒಂದು ಮಧ್ಯಾಹ್ನ ಹಾಳಾತು.
ಬಿಸಿಗಲ್ಲಿನದು: ಕಲ್ಲು ಎಲ್ಲೀದು, ಕಪ್ಪತಗುಡ್ಡದ್ದೇನು ಅಂದೆ.
ಬಾಲಿಯಿಂದ ತರಿಸೇವಿ ಅಂದ್ಲು.

ನಿಮಗ ನೋವು ಎಲ್ಲೈತಿ, ಅದನ್ನ ಹೇಳ್ರಿ.
ಎಡಗೈ ಹೆಬ್ಬಟ್ಟು ಇನ್ನೂ ಡೊಂಕ, ಇಲ್ಲದ ಸ್ಟಿಕ್ಕು ಹಿಡದಂಗ.
ಕೇಸಿನ ಮ್ಯಾಲಿನ ಖಾನೆಕ್ಕ ಚಾಚಿ ಚಾಚಿ
ಬಲಭುಜ ಎರಡು ಬಟ್ಟು ಮ್ಯಾಲ.
ಹೇಳಲಿಲ್ಲ. ಕಾರ್ಡು ಓದಿದೆ, ತಿರಗಾ ಓದಿದೆ.
ಏಳನೇ ಸಾಲು:
ಪದ ಮರ್ದನ, ನಲವತ್ತು ನಿಮಿಷ, ಒಂಬೈನೂರು.

ಒಂದು ಇಳಿ ಬಿದ್ದುಹೋಗೇತಿ.
ಐದನೂರು ಕಾರ್ಡು. ಕೆಂಪು ಪೆನ್ನಿನ ಕಡೀ ಸಹಿ ನಂದೇ.
ಪಾದ ಹೋಗಿ ಪದ ಆಗಿ, ಮೂರು ತಿಂಗಳಾತು,
ಊರ ಮಂದಿ ಕೈಯಾಗ ತಿರಗಾಡಾಕ ಹತ್ತೇತಿ.
ಕೈ ತಾನಾಗೇ ಕಿಸೇಕ್ಕ ಹೋತು, ಪೆನ್ನು ತಗೀತು.
ಬರಿಯೂದೇನು ಬ್ಯಾಡ್ರಿ, ಬಟ್ಟಿಟ್ಟು ತೋರಸ್ರಿ ಸಾಕು.
ಬಟ್ಟಿಟ್ಟೆ.
ಎರಡು ಸಾವಿರದ ನಾನೂರು ಹೋಗಿ ಒಂಬೈನೂರಿಂದು!
ಆಕಿಗೆ ಹಿಗ್ಗು. ಯಾಕಂತ ಕೇಳಲಿಲ್ಲ.

ಬೋರಲ ಮಲಗಿಸಿ, ಮಾರಿ ಒಂದು ತೂತಿನಾಗ ಇಡಿಸಿದ
ಬೆಟಗೇರಿ ಹುಡುಗ, ಅಂಬಾಸಾ ಬಾಕಳೆ.
ಮಗ್ಗದ ಮನಿಯಂವ, ಹರದ ಎಳಿ ಹುಡಕೂ ಬೆರಳು.
ಹಿಮ್ಮಡದಿಂದ ಏರಿಕೋತ ಬಂದು, ಮೀನಖಂಡದಾಗ ಒಂದು ಗಂಟು ಹಿಡದು
ಇಲ್ಲೇನ ಇಟ್ಟೀರಿ ಕಾಕಾ ಅಂದ.
ಮೂವತ್ತೊಂದು ವರ್ಷ ನಿಂತದ್ದು ಅಂದೆ.
ಲಗ್ನಪತ್ರ, ಸೊಸೈಟಿ ಪಾವತಿ ಪುಸ್ತಕ, ಸತ್ತವರ ಭಾವಚಿತ್ರದ ಕೆಳಗಿನ ನಾಕು ಸಾಲು,
ಅಕ್ಷರ ಎಲ್ಲಾ ನನಗ ಬೆನ್ನು ತೋರಿಸೇ ನಿಲ್ತಿದ್ವು, ತಿರುವುಮುರುವು.
ಇವತ್ತ ನಾ ಬೋರಲ, ಓದಾಂವ ಇನ್ನೊಬ್ಬ.

ತೂತಿನಾಗಿಂದಲೇ ಹೇಳಿಬಿಟ್ಟೆ: ಕಾರ್ಡಿನಾಗ ತಪ್ಪೈತಿ, ಏಳನೇ ಸಾಲು.
ಅಂವ ನಕ್ಕ. ಯಾರ ಓದ್ತಾರ ಕಾಕಾ, ರೇಟು ನೋಡ್ತಾರ.

ಎಣ್ಣಿ ತರಾಕ ಹ್ವಾದ. ತೂತಿನ ಕೆಳಗ
ಅವನ ಪಾದ ಬಂದು ಹ್ವಾದ್ವು.
ಇಪ್ಪತ್ತಾರರ ವಯಸ್ಸಿರಬೇಕು;
ಗಿಣ್ಣಿನ ಬಾಜೂಕ ನರ ಉಬ್ಬೇತಿ, ನೀಲಿ,
ಈಗ ಶುರುವಾಗೇತಿ.
ಬಾಯಿತನಕ ಬಂತು ಮಾತು. ಏನನ್ನಲಿ?
ಕುಂತು ಮಾಡೋ ತಮ್ಮಾ ಅಂದರ ಆಗೂ ಕೆಲಸ ಅಲ್ಲ ಇದು.

ಹೊರಗ ಬಂದು, ಕುಂತು, ನನ್ನ ಪಾದ ನಾನೇ ಮುಟ್ಟಿ ನೋಡಿದೆ.
ಚಪ್ಪಲಿ ಮೆಟ್ಟಿದರ ಜಾರ್ತಾವ.
ಕೌಂಟರಿನ ಮ್ಯಾಲಿನ ಕಟ್ಟು ಬಿಚ್ಚಿದೆ.
ರೇವತಿ ನೋಡಿದ್ಲು, ಎರಡು ಚಾ ಹೇಳಿದ್ಲು.
ಪ ಕ್ಕ ಒಂದು ಇಳಿ, ಪ ಕ್ಕ ಒಂದು ಇಳಿ.
ನುಣ್ಣಾನ ಕಾಗದ, ಮಸಿ ಲಗೂ ಹಿಡಿಯೂದಿಲ್ಲ.
ಹದಿನೇಳನೇ ಕಾರ್ಡಿನ ಮ್ಯಾಲ
ನನ್ನ ಡೊಂಕ ಹೆಬ್ಬಟ್ಟು ಎಣ್ಣ್ಯಾಗ ಮೂಡೇತಿ,
ಗೆರಿ ಗೆರಿ ಸ್ವಚ್ಛ,
ತಪ್ಪಿಲ್ಲ.